ಹಸಿರು ಕಾರಿನ ಹೊಸ್ತಿಲು

ಆಬಿಂಗ್ಡನ್
೭ ಮಾರ್ಚ್ ೧೯೯೪, ಸೋಮವಾರ

ಪ್ರೀತಿಯ ರೋವೆನಾ ಅಕ್ಕಾ,

ಕ್ಷೇಮವೇ? ವೆಲಿಂಗ್ಟನ್ನಿನ ಗಾಳಿ ನಿನ್ನನ್ನು ಇನ್ನೂ ಸಮುದ್ರಕ್ಕೆ ಎತ್ತಿ ಹಾಕಿಲ್ಲ ತಾನೆ? ಕೆಮ್ಮು ಹೋಯಿತೇ? ನಿನ್ನನ್ನು ಮದುವೆಯಾಗಲು ಒಪ್ಪಿದ ಮಹಾನುಭಾವರಿಗೆ ನನ್ನ ಹೃತ್ಪೂರ್ವಕ ಸಂತಾಪಗಳನ್ನು ತಿಳಿಸು. ಫೋನು ಮಾಡುವುದು ಬಿಟ್ಟು ಇವನು ಪತ್ರ ಯಾಕೆ ಬರೆದ ಎಂದು ಹುಬ್ಬು ಗಂಟಿಕ್ಕಬೇಡ. ಫೋನು ಇರುವುದು ಮೆಟ್ಟಿಲ ಬುಡದಲ್ಲಿ. ನಾನು ಅದನ್ನೆತ್ತಿದರೆ ಸಾಕು, ಅಪ್ಪ ಪಕ್ಕಕ್ಕೇ ಬಂದು ನಿಲ್ಲುತ್ತಾರೆ.

ಮೊದಲು ಕಾರಿನ ಸಮಾಚಾರ. ಜುಲೈಯಲ್ಲಿ ನಿನ್ನನ್ನು ಕೂರಿಸಿಕೊಂಡು ಚರ್ಚಿನವರೆಗೆ ತಾವೇ ಓಡಿಸುತ್ತೇನೆಂದು ಅಪ್ಪ ಊರಿಗೆಲ್ಲ ಸಾರಿದ್ದಾರಲ್ಲ, ಆ ಎರಡು ಸೀಟಿನ ಹಸಿರು ಕಾರು. ಕೋಳಿಗೂಡಿನ ಹಿಂದಿನಿಂದ ಅದನ್ನು ಎಳೆದು ತಂದಾಗ ಕಾರಿಗಿಂತ ತುಕ್ಕೇ ಹೆಚ್ಚಿತ್ತು. ಕಳಚಿ ಬಿದ್ದ ಒಂದೊಂದು ತುಂಡಿಗೂ ನಾನು ಪಾದ್ರಿಯ ಹಾಗೆ ಕೈಕಟ್ಟಿ ನಿಂತು, "ಮಣ್ಣಿಗೆ ಮಣ್ಣು, ತುಕ್ಕಿಗೆ ತುಕ್ಕು" ಎಂದು ವಿಧಿವತ್ತಾಗಿ ಅಂತ್ಯಕ್ರಿಯೆ ನಡೆಸಿದ್ದೇನೆ. "ಲೇ ಕೋತಿ, ಪ್ರಾರ್ಥನೆ ಸಾಕು, ಉಪ್ಪುಕಾಗದ ಕೊಡು" ಎನ್ನುತ್ತಿದ್ದರು ಅಪ್ಪ. ಸೀಟಿನ ಕೆಳಗೆ ರಬ್ಬರ್ ಇಲಿ ಇಟ್ಟ ದಿನ ಸ್ಪಾನರ್ ಹಿಡಿದು ತೋಟದ ತುದಿಯವರೆಗೂ ಅಟ್ಟಿಸಿಕೊಂಡು ಬಂದರು. ಅಮ್ಮ ಹೋದಮೇಲೆ ಅವರು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಅವರ ಸೂತ್ರ ನಿನಗೆ ಗೊತ್ತೇ ಇದೆ. ಚಾವಣಿಯಿಲ್ಲದ ಇಂಥ ಕಾರಿಗೆ ಬಾಗಿಲ ಕೆಳಗಿನ ಹೊಸ್ತಿಲೇ ಬೆನ್ನೆಲುಬು. ತುಕ್ಕು ತಿಂದ ಹೊಸ್ತಿಲನ್ನು ಕತ್ತರಿಸುವ ಮುಂಚೆ ಬಾಗಿಲಿನ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಸರಳು ಬೆಸೆದು ಬಿಗಿಮಾಡಬೇಕು; ಇಲ್ಲದಿದ್ದರೆ ಕಾರು ನಡುವಿನಲ್ಲಿ ಕುಸಿದುಬಿಡುತ್ತದೆ. ಪಕ್ಕದ ಮನೆಯ ಸಿರಿಲ್ ಮಾಮ ಒಮ್ಮೆ ಇದನ್ನು ಮರೆತು ತನ್ನ ಕಾರು ಬಗ್ಗಿಸಿಕೊಂಡದ್ದಕ್ಕೆ ಅಪ್ಪ ಪಬ್ಬಿನಲ್ಲಿ ವರ್ಷಗಟ್ಟಲೆ ಆಡಿಕೊಂಡರಲ್ಲ, "ಏನಯ್ಯಾ ಸಿರಿಲ್, ನಿನ್ ಬಾಳೆಹಣ್ಣು ಹೇಗಿದೆ?" ಎಂದು.

ಹೋದ ವಾರ ಒಂದು ಮಧ್ಯಾಹ್ನ ನಾನು ಕೆಲಸದಿಂದ ಬಂದಾಗ ಅಪ್ಪ ಶೆಡ್ಡಿನಲ್ಲಿ ನಿಂತಿದ್ದರು. ಎರಡೂ ಕಡೆಯ ಹೊಸ್ತಿಲುಗಳು ನೆಲದ ಮೇಲಿದ್ದವು. ಸರಳು ಎಲ್ಲೂ ಇರಲಿಲ್ಲ. ಕಾರು ಮುದಿ ಕುದುರೆಯ ಬೆನ್ನಿನಂತೆ ನಡುವಿನಲ್ಲಿ ಇಳಿದುಹೋಗಿತ್ತು. ಬಾಗಿಲುಗಳು ಅಲುಗಾಡದಂತೆ ಸಿಕ್ಕಿಬಿದ್ದಿದ್ದವು. ಕತ್ತರಿಸುವ ಯಂತ್ರ ಅವರ ಕೈಯಲ್ಲೇ ಇತ್ತು, ಕನ್ನಡಕದ ಮೇಲೆ ಕಬ್ಬಿಣದ ಪುಡಿ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ ಅಕ್ಕಾ, ಹೆದರಿಕೆ ಇತ್ತು. "ಬಾರ್ನಬಿ, ಇದು ನಿನ್ ತಮಾಷೆ ತಾನೆ? ನೀನೇ ತಾನೆ ಮಾಡಿದ್ದು?" ಎಂದರು.

"ಹೌದಪ್ಪಾ, ನಾನೇ" ಎಂದೆ.

ಆಗ ಅವರ ಮುಖಕ್ಕೆ ಜೀವ ಬಂತು. "ಬುದ್ಧಿಗೇಡಿ! ಬಿಗಿಮಾಡದೆ ಯಾರಾದ್ರೂ ಕತ್ತರಿಸ್ತಾರೇನೋ? ನಿಮ್ಮಕ್ಕನ ಮದುವೆ ಗಾಡಿ ಕಣೋ ಅದು!" ಎಂದು ಬೈಗುಳದ ಮಳೆಯನ್ನೇ ಸುರಿಸಿದರು. ಜನ್ಮದಲ್ಲಿ ಬೈಗುಳ ನನಗೆ ಅಷ್ಟು ಹಿತವಾಗಿ ಕೇಳಿಸಿದ್ದಿಲ್ಲ. ಸದ್ದು ಕೇಳಿ ಸಿರಿಲ್ ಮಾಮ ಬೇಲಿ ದಾಟಿ ಬಂದರು. ಕಾರನ್ನು ನೋಡಿದರು, ಅಪ್ಪನ ಕೈಯಲ್ಲಿದ್ದ ಯಂತ್ರವನ್ನು ನೋಡಿದರು, ಆಮೇಲೆ ನನ್ನನ್ನು. ಬಾಳೆಹಣ್ಣಿನ ಸೇಡು ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿತ್ತೇ? ಆದರೂ ಆ ಮನುಷ್ಯ ಟೋಪಿ ತೆಗೆದು, "ಈಗಿನ ಹುಡುಗ್ರೇ ಹೀಗೆ ಬಿಡು, ವಿಲ್ಫ್ರೆಡ್. ಬಾ, ಟೀ ಕುಡಿಯೋಣ" ಎಂದು ಅಪ್ಪನ ಹೆಗಲು ಹಿಡಿದು ಕರೆದುಕೊಂಡು ಹೋದರು.

ಈಗ ಸಂಜೆ ಸಂಜೆ ನಾನೂ ಸಿರಿಲ್ ಮಾಮನೂ ಜ್ಯಾಕ್ ಕೊಟ್ಟು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಅದರ ನಡು ಎತ್ತುತ್ತಿದ್ದೇವೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನನ್ನನ್ನು ಬೈಯುತ್ತಾರೆ. ಜುಲೈಗೆ ಮುಗಿಯುವುದು ಅನುಮಾನ. ಮುಗಿದರೂ ಅಪ್ಪನಿಗೆ ಸ್ಟೀರಿಂಗ್ ಕೊಡಬಾರದೆಂದು ಅವರನ್ನು ಪರೀಕ್ಷಿಸಿದ ಡಾಕ್ಟರು ನನ್ನೊಬ್ಬನನ್ನೇ ಕರೆದು ಹೇಳಿದ್ದಾರೆ. ಅದನ್ನು ಅವರಿಗೆ ಹೇಳುವಷ್ಟು ಗಂಡೆದೆ ನನ್ನಲ್ಲಿಲ್ಲ.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಸಿರಿಲ್ ಮಾಮ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ್ದಾರೆ.

ತುಕ್ಕುಪೀಠದ ಪರಮಪೂಜ್ಯ ಪಾದ್ರಿ, ನಿನ್ನ ತಮ್ಮ,
ಬಾರ್ನಬಿ

ತಾ.ಕ.: ಟಪಾಲಿಗೆ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಜುಲೈವರೆಗೆ ಕಾಯಬೇಡ ಅಕ್ಕಾ, ಈಸ್ಟರಿಗೇ ಬಂದುಬಿಡು. ಮದುವೆಯ ಗೌನು ಹೊಲಿದಾಗಿಲ್ಲದಿದ್ದರೆ ಕಿಟಕಿ ಪರದೆ ಸುತ್ತಿಕೊಂಡು ಬಾ. ಈ ಬೆಳಿಗ್ಗೆ ಅಪ್ಪ ನಿನ್ನ ಕ್ರಿಸ್‌ಮಸ್ ಫೋಟೋ ಎತ್ತಿಕೊಂಡು, "ಯಾರೋ ಈ ಹುಡುಗಿ? ಲಕ್ಷಣವಾಗಿದ್ದಾಳೆ. ನೀನ್ ಮೆಚ್ಚಿದವಳೇನೋ?" ಎಂದು ಕಣ್ಣು ಮಿಟುಕಿಸಿದರು. "ಅಪ್ಪಾ, ಅದು ರೋವೆನಾ, ನಿಮ್ ಮಗಳು" ಎಂದೆ. ನನ್ನ ಬೆನ್ನಿಗೊಂದು ಗುದ್ದಿ ನಕ್ಕುಬಿಟ್ಟರು: "ಹೋಗೋ ಕೋತಿ, ಈ ಸಲ ನಾನು ಮೋಸ ಹೋಗಲ್ಲ."