ನನ್ನ ಅಪ್ಪ ಇಲ್ಲವೆಂದು ಬರೆದುಕೊಡಲಾರೆ

ನೇಮಕಾತಿ ಪರಿಶೀಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಸಂಶೋಧನಾ ಲೇಖನಗಳ ಮುಕ್ಕಾಲು ಪಾಲನ್ನು ತಾವು ನನ್ನ ತಂದೆಯವರ ಹೆಸರಿಗೆ ಬರೆದಿದ್ದೀರಿ. ಸಾಮಾನ್ಯವಾಗಿ ತಂದೆಯ ಆಸ್ತಿ ಮಕ್ಕಳಿಗೆ ಬರುತ್ತದೆ. ಮಗಳ ಆಸ್ತಿಯನ್ನು ತಂದೆಗೆ ದಾಟಿಸಿ, ಆಮೇಲೆ ಆ ತಂದೆಯೇ ಇಲ್ಲವೆಂದು ಮಗಳ ಕೈಯಿಂದ ಬರೆಸಿಕೊಳ್ಳಲು ಹೊರಟ ಕಚೇರಿ ಬಹುಶಃ ತಮ್ಮದೊಂದೇ. ಈ ಸಾಧನೆಗೆ ಅಭಿನಂದಿಸಿಯೇ ನನ್ನ ದೂರನ್ನು ಶುರು ಮಾಡುತ್ತೇನೆ.

ನಾನು ನರವಿಜ್ಞಾನಿ. ಕೈ ಅಲುಗುವ ಮೊದಲು ಮಿದುಳಿನಲ್ಲಿ ಏನು ನಡೆಯುತ್ತದೆ, ಎತ್ತಿದ ಕೈ ಕೆಲವೊಮ್ಮೆ ಅಲ್ಲೇ ಯಾಕೆ ನಿಂತುಬಿಡುತ್ತದೆ ಎಂಬುದು ನನ್ನ ವಿಷಯ. ನನ್ನ ತಂದೆ ದರ್ಜಿ. ನಮ್ಮಲ್ಲಿ ಮನೆತನದ ಹೆಸರೆಂಬುದಿಲ್ಲ. ನಮ್ಮ ಹೆಸರಿನ ಮುಂದೆ ಅಪ್ಪನ ಹೆಸರಿನ ಒಂದಕ್ಷರ ಹಚ್ಚಿಕೊಂಡರೆ ಮುಗಿಯಿತು. ನನ್ನ ಮೊದಲ ಲೇಖನ ಕಳಿಸುವಾಗ ಪತ್ರಿಕೆಯ ಜಾಲತಾಣ ಮನೆತನದ ಹೆಸರು ಕೊಡದೆ ಮುಂದಕ್ಕೆ ಬಿಡಲಿಲ್ಲ. ಆ ಖಾನೆಯಲ್ಲಿ ಅಪ್ಪನ ಹೆಸರನ್ನು ಪೂರ್ತಿಯಾಗಿ ತುಂಬಿದೆ. ಲೇಖನ ಅಚ್ಚಾಗಿ ಬಂದಾಗ ಅಪ್ಪ ಪೂರ್ತಿ ಹೆಸರಿನಲ್ಲಿ ಮೆರೆಯುತ್ತಿದ್ದರು, ನಾನು ಅವರ ಪಕ್ಕದಲ್ಲಿ ಒಂದಕ್ಷರವಾಗಿ ಮುದುಡಿ ಕೂತಿದ್ದೆ. ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಬೇರೆ ಪತ್ರಿಕೆಗಳು ಮನೆಯಲ್ಲಿ ಬರೆಯುವಂತೆಯೇ ಬರೆಯಲು ಬಿಟ್ಟಾಗ ನಾನು ಮತ್ತೆ ನಾನಾದೆ. ತಮ್ಮ ಕಚೇರಿಯ ಕಂಪ್ಯೂಟರಿಗೆ ಮಾತ್ರ ನಾವು ಬೇರೆ ಬೇರೆ ಇಬ್ಬರು ವಿಜ್ಞಾನಿಗಳು.

ಅವರಲ್ಲಿ ಅಪ್ಪನೇ ದೊಡ್ಡವರು. ಜಗತ್ತಿನ ಪ್ರಯೋಗಾಲಯಗಳು ಅವರ ಲೇಖನಗಳನ್ನು ನಾನೂರಕ್ಕೂ ಹೆಚ್ಚು ಸಲ ಉಲ್ಲೇಖಿಸಿವೆ. ನನ್ನ ಗತಿ ಹತ್ತೊಂಬತ್ತು. ನನ್ನ ಹೊಸ ಲೇಖನಗಳಲ್ಲಿ ನನ್ನವೇ ಹಳೆಯ ಲೇಖನಗಳನ್ನು ಉಲ್ಲೇಖಿಸಿದ್ದನ್ನು ಕಂಡು ತಮ್ಮ ಸಮಿತಿ ವರದಿಯಲ್ಲಿ ಹೀಗೆ ಬರೆದಿದೆ: ‘ಅಭ್ಯರ್ಥಿಯು ಇದೇ ಕ್ಷೇತ್ರದ ಹಿರಿಯ ವಿಜ್ಞಾನಿಯೊಬ್ಬರನ್ನು ಅತಿಯಾಗಿ ಅವಲಂಬಿಸಿದ್ದಾರೆ. ಸ್ವಂತಿಕೆ ಸಾಲದು. ಸಾಧ್ಯವಾದರೆ ಆ ಹಿರಿಯರ ಮಾರ್ಗದರ್ಶನ ಪಡೆಯುವುದು ಒಳಿತು.’ ಮಾನ್ಯರೇ, ಹುಟ್ಟಿದಂದಿನಿಂದ ಪಡೆಯುತ್ತಲೇ ಇದ್ದೇನೆ. ಅತಿಯಾಗಿ ಅವಲಂಬಿಸಿದ್ದೂ ನಿಜ. ಓದು ಮುಗಿಯುವವರೆಗೆ ನನ್ನ ಊಟ, ಬಟ್ಟೆ, ಬಸ್ ಪಾಸು ಎಲ್ಲ ಆ ಹಿರಿಯ ವಿಜ್ಞಾನಿಯ ಹೊಲಿಗೆ ಯಂತ್ರದಿಂದಲೇ ಬಂದದ್ದು.

ಈ ವರದಿಯನ್ನು ಮನೆಯಲ್ಲಿ ಓದಿ ಹೇಳಿದ್ದು ನನ್ನದೇ ತಪ್ಪು. ಅಪ್ಪ ಅಂದಿನಿಂದ ನೆಲದ ಮೇಲಿಲ್ಲ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ, “ಏನಮ್ಮಾ, ಈ ವಾರ ಯಾರಾದ್ರೂ ನನ್ನ ಹೆಸರು ಎತ್ತಿದ್ರಾ?” ಎಂದು ವಿಚಾರಿಸುತ್ತಾರೆ. ಅಂಗಡಿಗೆ ಬಂದ ಗಿರಾಕಿಯೊಬ್ಬರು ತಮಾಷೆಗೆ, “ಡಾಕ್ಟ್ರೇ, ಯಾಕೋ ತಲೆ ಸುತ್ತುತ್ತೆ, ನೋಡಿ ಸ್ವಲ್ಪ” ಅಂದರಂತೆ. ಅಪ್ಪ ಗಂಭೀರವಾಗಿ ಅವರ ಕತ್ತು ನೋಡಿ, “ಕಾಲರ್ ಬಿಗಿಯಾಗಿದೆ, ಬಿಚ್ಚಿ ಕೊಡಿ, ಸಡಿಲ ಮಾಡ್ತೀನಿ” ಅಂದರಂತೆ. ಅಮ್ಮನಿಗೆ ಮಾತ್ರ ಇದೆಲ್ಲ ಹಿಡಿಸಿಲ್ಲ. “ಹೊತ್ತು ಹೆತ್ತೋಳು ನಾನು, ಹೆಸರು ಮಾತ್ರ ಇವರದ್ದು. ಸಹಲೇಖಕಿ ಅಂತಲಾದ್ರೂ ಹಾಕ್ಬಾರ್ದಿತ್ತಾ?” ಎಂದು ಗೊಣಗುತ್ತಾರೆ. ಅವರ ಅಹವಾಲನ್ನೂ ಸಮಿತಿ ಗಮನಿಸಬೇಕಾಗಿ ವಿನಂತಿ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಈ ತಿಂಗಳ ಕೊನೆಗೆ ನನ್ನ ತಾತ್ಕಾಲಿಕ ಹುದ್ದೆಯ ಅವಧಿ ಮುಗಿಯುತ್ತದೆ. ಸಮಿತಿ ಕಾಯಂ ಮಾಡದಿದ್ದರೆ ನನ್ನ ಪ್ರಯೋಗಾಲಯದ ಕೋಣೆ ಬೇರೆಯವರಿಗೆ ಹೋಗುತ್ತದೆ. ಅರ್ಧಕ್ಕೆ ನಿಂತ ಪ್ರಯೋಗ ಅರ್ಧಕ್ಕೇ ಉಳಿಯುತ್ತದೆ. ಹಾಗಾಗಿ ತಮ್ಮ ಕಚೇರಿಗೆ ಬಂದೆ. ಅಲ್ಲಿನ ಗುಮಾಸ್ತರು ಬಹಳ ಒಳ್ಳೆಯವರು, ಕುರ್ಚಿ ಕೊಟ್ಟರು. “ಮೇಡಂ, ಇದೇನು ಕಷ್ಟ ಅಲ್ಲ. ಇಬ್ಬರ ಲೆಕ್ಕ ಒಂದು ಮಾಡ್ಬೇಕಂದ್ರೆ ಒಬ್ಬರು ಇರಬಾರದು, ಅಷ್ಟೇ” ಎಂದು ಒಂದು ಹೇಳಿಕೆಯನ್ನು ಮುಂದಿಟ್ಟರು. ಅಪ್ಪನ ಹೆಸರನ್ನು ಪೂರ್ತಿಯಾಗಿ ಬರೆದು, ಅದರ ಕೆಳಗೆ ‘ಈ ವ್ಯಕ್ತಿ ಅಸ್ತಿತ್ವದಲ್ಲಿಲ್ಲವೆಂದು ದೃಢೀಕರಿಸುತ್ತೇನೆ’ ಎಂದು ನಾನು ಸಹಿ ಮಾಡಬೇಕು.

ಅದನ್ನು ಹಿಡಿದುಕೊಂಡು ಅಂಗಡಿಗೆ ಹೋದೆ. ಅಪ್ಪ ಒಬ್ಬರ ಭುಜದ ಅಳತೆ ತೆಗೆಯುತ್ತಿದ್ದರು. ಟೇಪನ್ನು ಕೊರಳಿಗೆ ಹಾಕಿಕೊಂಡು, ಕನ್ನಡಕ ಏರಿಸಿ ಓದಿದರು. “ಹಾಕಮ್ಮ ಸಹಿ. ಕಾಗದದ ಮೇಲೆ ತಾನೇ ನಾನಿಲ್ಲ” ಅಂದರು. ನಕ್ಕರು ಕೂಡ. ಮತ್ತೆ ಅದೇ ಭುಜವನ್ನು ಅಳೆದರು. ಮೊದಲಿನ ಅಳತೆ ಮರೆತುಹೋಗಿತ್ತು.

ಮಾನ್ಯರೇ, ನಾನು ಅಲ್ಲಿದ್ದ ಪೆನ್ನು ಎತ್ತಿಕೊಂಡೆ. ಕೈ ಕಾಗದದ ಮೇಲೆ ಹೋಗಿ ನಿಂತಿತು, ಮುಂದೆ ಹೋಗಲಿಲ್ಲ. ಇದನ್ನೇ ಇಷ್ಟು ವರ್ಷ ಅಧ್ಯಯನ ಮಾಡಿದವಳು ನಾನು. ಈ ಒಂದು ಸಲ ಮಾತ್ರ ಕೈ ಯಾಕೆ ನಿಂತಿತೆಂದು ತಿಳಿಯಲು ಯಾವ ಉಪಕರಣವೂ ಬೇಕಾಗಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ತಮ್ಮ ಹೇಳಿಕೆಯಿಂದ ಆ ಸಾಲನ್ನು ಹೊಡೆದುಹಾಕಿ, ‘ಈ ವ್ಯಕ್ತಿ ಇದ್ದಾರೆ, ಲೇಖನಗಳು ಅವರ ಮಗಳವು’ ಎಂದು ಬರೆಯಿರಿ. ಆ ಕ್ಷಣವೇ ಸಹಿ ಮಾಡುತ್ತೇನೆ, ಪೂರ್ತಿ ಹೆಸರಿನಲ್ಲಿ. ಕಂಪ್ಯೂಟರು ಇದಕ್ಕೆ ಒಪ್ಪದಿದ್ದರೆ ತಿಂಗಳು ಮುಗಿಯುವುದರೊಳಗೆ ಆ ಹಿರಿಯ ವಿಜ್ಞಾನಿಯನ್ನೇ ಸಂದರ್ಶನಕ್ಕೆ ಕರೆಯಿರಿ. ಬರುತ್ತಾರೆ. ಅಂಗಿ ಇಸ್ತ್ರಿ ಮಾಡಿಟ್ಟಿದ್ದಾರೆ. ಅವರನ್ನು ಎದುರಿಗೆ ಕೂರಿಸಿಕೊಂಡು, ‘ಈ ವ್ಯಕ್ತಿ ಇಲ್ಲ’ ಎಂದು ತಾವೇ ಬರೆದು ನೋಡಿ. ತಮ್ಮ ಕೈ ಏನು ಮಾಡುತ್ತದೆಂದು ಬರೆದುಕೊಳ್ಳಲು ನಾನು ಬಾಗಿಲ ಬಳಿಯೇ ನಿಂತಿರುತ್ತೇನೆ.

ಇಂತಿ,
ಅಪ್ಪನ ಹೆಸರಿನ ಪಕ್ಕದ ಒಂದಕ್ಷರ