ಮೊದಲ ಮಾಟೆಯ ಕಹಿ

ಅತ್ತೆ,

ನೀವು ತೀರಿಕೊಂಡು ಎರಡು ಚಳಿಗಾಲ ಕಳೆದವು. ಆದರೂ ಇದನ್ನು ನಿಮಗೇ ಹೇಳಬೇಕೆನಿಸಿತು.

ಈ ಸಲವೂ ಗರ್ಭ ನಿಲ್ಲಲಿಲ್ಲ. ಮೊಂಟೆವಿಡಿಯೊದ ವೈದ್ಯೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಮಕ್ಕಳಾಗಲೆಂದು ಮಾಡುವ ಇಂಥ ಚಿಕಿತ್ಸೆಯಲ್ಲಿ ಎಲ್ಲರೂ ಹೆಣ್ಣಿನ ವಯಸ್ಸನ್ನಷ್ಟೇ ಕೇಳುತ್ತಾರಂತೆ. ಗಂಡಿಗೆ ಐವತ್ತು ದಾಟಿದರೂ ಗರ್ಭ ನಿಲ್ಲುವುದು ಕಷ್ಟವಾಗಬಹುದಂತೆ. ನನಗೆ ಮೂವತ್ತೆರಡು, ನಿಮ್ಮ ಮಗ ಹೆಬರ್‌ಗೆ ಐವತ್ತಮೂರು.

ಭಾನುವಾರ ಎಲ್ಲರೂ ನಮ್ಮ ಅಂಗಳದಲ್ಲಿ ಮಾಟೆ ಸೊಪ್ಪಿನ ಕಷಾಯವನ್ನು ಸರದಿಯಂತೆ ಕುಡಿಯಲು ಸೇರಿದ್ದರು. ನಿಮ್ಮ ತಂಗಿ ನಿಲ್ದಾ ನನ್ನ ಹೊಟ್ಟೆ ನೋಡಿ ಹೆಬರ್‌ಗೆ, "ಪಾಪ, ಹುಡುಗಿ ಮೈಯಲ್ಲೇ ಏನೋ ಐಬಿದೆ ಕಣೋ" ಎಂದರು.

ಹೆಬರ್ ಸೊಪ್ಪು ತುಂಬಿದ ಸೋರೆಬುರುಡೆಗೆ ಬಿಸಿನೀರು ಸುರಿದ. ಮೊದಲ ಕಹಿಯನ್ನು ಸುರಿದವನೇ ಕುಡಿಯಬೇಕು, ಇನ್ನೊಬ್ಬರಿಗೆ ದಾಟಿಸಬಾರದು ಎಂದು ಅವನಿಗೆ ಕಲಿಸಿದವರು ನೀವೇ. ಕೊನೆಯ ಹನಿಯವರೆಗೂ ಹೀರಿದ ಮೇಲೆ ಹೇಳಿದ: "ಐಬು ಅವಳದಲ್ಲ ಚಿಕ್ಕಮ್ಮ, ನನ್ನ ವಯಸ್ಸಿಂದು. ಡಾಕ್ಟ್ರೇ ಹೇಳಿದ್ರು. ಇನ್ಮೇಲೆ ಏನಾದ್ರೂ ಅನ್ನೋದಿದ್ರೆ ನಂಗನ್ನಿ."

"ಗಂಡಸಾದವ್ನು ಇದನ್ನೆಲ್ಲ ಬಾಯ್ಬಿಟ್ಟು ಹೇಳ್ತಾನೇನೋ!"

"ಹೇಳ್ದಿದ್ರೆ ಎಲ್ರೂ ಸೇರಿ ಇವಳ ತಲೆಗೇ ಕಟ್ತೀರಲ್ಲ."

ನಿಲ್ದಾ ಕೈ ಚಾಚಿ ಮುಂದಿನ ಮಾಟೆ ಇಸಿದುಕೊಂಡರು. ಎಂಥ ಮಗನನ್ನು ಬೆಳೆಸಿದಿರಿ, ಅತ್ತೆ!

ನನ್ನ ಗರ್ಭಕ್ಕೆಂದು ನೀವು ಸಂತೆಯಿಂದ ತಂದು, ದಾರ ಸುತ್ತಿ ಕೊಡುತ್ತಿದ್ದ ಬೇರಿನ ಪೊಟ್ಟಣಗಳಲ್ಲಿ ಕೊನೆಯದು ಇನ್ನೂ ಅಡುಗೆಮನೆಯಲ್ಲೇ ಇದೆ. ಎಲ್ಲರೂ ಹೋದ ಮೇಲೆ ಹೆಬರ್ ಅದನ್ನು ಬಿಸಾಡಲು ಎತ್ತಿಕೊಂಡ. ನಾನು ಅವನ ಕೈಯಿಂದ ಕಿತ್ತುಕೊಂಡೆ.

ಬೇರು ಹೋದರೆ ಹೋಗಲಿ. ಮೇಲಿನ ದಾರದ ಗಂಟು ನೀವು ಹಾಕಿದ್ದು.