ಕರೆಂಟ್ ಇಲ್ಲದಾಗ ಹೇಳಿದ ದಡಿ

ಬನಹಟ್ಟಿ
೧೪ ಆಗಸ್ಟ್ ೨೦೦೯

ಪ್ರೀತಿಯ ತಮ್ಮ ಮುತ್ತಣ್ಣನಿಗೆ,

ಅಕ್ಕನ ಆಶೀರ್ವಾದ. ಹೇಗಿದ್ದೀಯಪ್ಪ? ಇಚಲಕರಂಜಿಯ ಮೆಸ್ಸಿನ ಊಟ ಹೊಟ್ಟೆಗೆ ಒಗ್ಗಿತೇ? ಅವ್ವನ ಮೈ ಗಟ್ಟಿಯಾಗಿದೆ, ಮರೆವು ಮಾತ್ರ ದಿನದಿನಕ್ಕೆ ಹೆಚ್ಚುತ್ತಿದೆ. ಇಷ್ಟು ಬರೆದು ಈಗ ಬೈಯುತ್ತೇನೆ, ಕುಳಿತು ಓದು.

ನೀನು ಕೊಟ್ಟು ಹೋದ ಲ್ಯಾಪ್‌ಟಾಪ್ ನೋಡಿದರೆ ನನಗೆ ಹೇಸಿಗೆಯಾಗುತ್ತದೆ. ಅವ್ವ ಹಿಂದೆ ಕೈಮಗ್ಗದಲ್ಲಿ ಸೀರೆಯ ಅಂಚಿಗೆ ನೇಯುತ್ತಿದ್ದ ದಡಿಯ ಚಿತ್ತಾರವನ್ನು ಬಲ್ಲವಳು ಈಗ ಅವಳೊಬ್ಬಳೇ. ಅವಳು ಮರೆಯುವ ಮೊದಲು ಇದರಲ್ಲಿ ಬರೆದಿಡಬೇಕೆಂದು ನೀನೇ ಹೇಳಿದ್ದೆ. ನಮ್ಮ ಮನೆಯಲ್ಲಿ ಪವರ್‌ಲೂಮ್ ಸದ್ದಿಗೆ ಮಾತೆಲ್ಲಿ ಕೇಳುತ್ತದೆ? ಕರೆಂಟ್ ಹೋದಾಗಲೇ ಮಾತು. ಮೊನ್ನೆ ಮಗ್ಗ ನಿಂತ ಕೂಡಲೇ ಅವ್ವ ತಾನಾಗಿ ಹತ್ತಿರ ಬಂದು, "ಬರಕೋ ಬೇ, ನೆನಪಾಗೇತಿ" ಎಂದಳು. ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ ಒಂದೊಂದೇ ಎಳೆ ಹೇಳಿದಳು. ನಾನು ಚೌಕ ಚೌಕಕ್ಕೆ ಬಣ್ಣ ತುಂಬಿದೆ. ಮುಗಿದ ಮೇಲೆ ಸೇವ್ ಒತ್ತಿದೆ, ಸೇವ್ ಆಯಿತೆಂದು ಅದೂ ತೋರಿಸಿತು. ಕರೆಂಟ್ ಬರುವ ಮೊದಲು ಮಗ್ಗದ ಬಟನ್ ತೆಗೆದು ಆರಿಸಿಡುವುದು ನಮ್ಮ ಕೈಗೆ ಅಂಟಿದ ರೂಢಿ. ಇಲ್ಲದಿದ್ದರೆ ಮಗ್ಗ ಧಡಕ್ಕನೆ ಎದ್ದು ಎಳೆ ಹರಿಯುತ್ತದೆ. ಮಗ್ಗಗಳ ಬಟನ್ ತೆಗೆದು, ಅದೇ ಕೈಯಲ್ಲಿ ಲ್ಯಾಪ್‌ಟಾಪಿನ ಬಟನನ್ನೂ ಆರುವ ತನಕ ಒತ್ತಿ ಹಿಡಿದೆ. ಮರುದಿನ ತೆರೆದರೆ ದಡಿ ಇಲ್ಲ.

ಫೋನಿನಲ್ಲಿ ನೀನು ಹೇಳಿದೆಯಲ್ಲ, "ಬ್ಯಾಟರಿ ಉಳೀಲಿ ಅಂತ ನಾನ ಹಂಗ ಇಟ್ಟೇನಿ ಅಕ್ಕಾ. ಕರೆಂಟ್ ಇಲ್ಲದಾಗ ಡಿಸ್ಕ್ ಮಕ್ಕೊಂಡಿರತೈತಿ. ಬರದದ್ದನ್ನ ನೆನಪಿನ್ಯಾಗ ಇಟ್ಕೊಂಡು ಆಮ್ಯಾಲೆ ಒಮ್ಮೆಲೇ ಡಿಸ್ಕಿಗೆ ಬರೀತೈತಿ." ನಡುವೆ ಆರಿಸಿದರೆ ಎಲ್ಲಾ ಹೋದಂತೆಯೇ ಅಂತೆ. ಹಾಗಾದರೆ ಸೇವ್ ಆಯಿತೆಂದು ಯಾಕೆ ಹೇಳಬೇಕು? ನೇಯದೆಯೇ ನೇಯ್ದೆ ಎನ್ನುವ ಆಳನ್ನು ನಾವು ಮನೆಯಲ್ಲಿ ಇಟ್ಟುಕೊಳ್ಳುತ್ತೇವೆಯೇ? ಇದ್ದದ್ದೂ ಹೋಯಿತು ಮದ್ದಿನ ಗುಣದಿಂದ. ಅವ್ವನನ್ನು ಮತ್ತೆ ಕೇಳಿದರೆ "ಯಾವ ದಡಿ ಬೇ?" ಎನ್ನುತ್ತಾಳೆ. ಆ ಪೆಟ್ಟಿಗೆಯನ್ನು ಕಪಾಟಿನ ಮೇಲೆ ಒಗೆದಿದ್ದೇನೆ, ಮುಟ್ಟಲೂ ಮನಸ್ಸಿಲ್ಲ. ನಿನ್ನ ಜಾಣತನದ ಮೇಲೂ ನನಗೆ ಸಿಟ್ಟಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿ ಇಡಲಿ.

ನಿನ್ನ ಅಕ್ಕ,
ನಂದಾ

ತಾ.ಕ.: ದೀಪಾವಳಿಗೆ ಬರುತ್ತೇನೆ ಎಂದಿದ್ದೀಯಲ್ಲ, ಅಲ್ಲಿಯ ತನಕ ನಿಲ್ಲಬೇಡ, ಕಾಗದ ಕೈ ಸೇರಿದ ಕೂಡಲೇ ಹೊರಡು. ನಿನ್ನೆ ಗೋಡೆಯ ಮೇಲಿನ ನಿನ್ನ ಫೋಟೊ ನೋಡಿ ಅವ್ವ, "ಈ ಹುಡುಗ ಯಾರ ಮಗಾ ಬೇ? ಛಲೋ ಅದಾನ" ಎಂದಳು.